ಇತಿಹಾಸ ಓದಿದವರು ಪ್ರೈವೆಸಿ ಕಮಿಷನರ್ ಆಗಬಹುದಾ? ದಂಡ ಹಾಕೋದು ಬಿಟ್ಟು ಅವರಿಗೆ ಬೇರೆ ಕೆಲಸ ಏನಿದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ನೀವು ಬಿ.ಎ. ಇತಿಹಾಸ ಓದುತ್ತಿದ್ದೀರಿ. ಜನರ ಖಾಸಗಿ ಮಾಹಿತಿಯನ್ನು ಕಾಯುವ ಸರ್ಕಾರಿ ಕೆಲಸದ ಮೇಲೆ ಮನಸ್ಸಿದೆ. ಕಾನೂನೋ ಇಂಜಿನಿಯರಿಂಗೋ ಓದದೆ ಅಲ್ಲಿಗೆ ಹೋಗಬಹುದಾ, ಕಂಪನಿಗಳಿಗೆ ದಂಡ ಹಾಕುವುದು ಬಿಟ್ಟು ಅವರು ಏನು ಮಾಡುತ್ತಾರೆ ಅನ್ನೋದು ನಿಮ್ಮ ಅನುಮಾನ.

ಹೋಗಬಹುದು. ಈ ಕ್ಷೇತ್ರದಲ್ಲಿ ಜಗತ್ತಿಗೇ ಗೊತ್ತಿರುವ ಹೆಸರುಗಳಲ್ಲಿ ಎಲಿಜಬೆತ್ ಡೆನಮ್ ಅವರದ್ದು ಒಂದು. 2016ರಿಂದ 2021ರವರೆಗೆ ಬ್ರಿಟನ್ನಿನ ಇನ್ಫರ್ಮೇಷನ್ ಕಮಿಷನರ್, ಅಂದರೆ ಅಲ್ಲಿನ ಪ್ರೈವೆಸಿ ಕಮಿಷನರ್, ಆಗಿದ್ದವರು. ಅವರು ಓದಿದ್ದು ಇತಿಹಾಸ. ಆಮೇಲೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪತ್ರಾಗಾರ ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ. ಅಂದರೆ ಹಳೇ ಕಡತಗಳನ್ನು ಜೋಡಿಸಿ, ಪಟ್ಟಿ ಮಾಡಿ, ಕಾಪಾಡುವ ವಿದ್ಯೆ. ಕ್ಯಾಲ್ಗರಿ ನಗರದ ಪತ್ರಾಗಾರದಲ್ಲಿ ಕೆಲಸ ಮಾಡಿದರು, ಅಲ್ಲಿನ ಆರೋಗ್ಯ ವ್ಯವಸ್ಥೆಯಲ್ಲೂ ಇದ್ದರು. ಕಮಿಷನರ್ ಕಚೇರಿಗಳ ಕಡೆ ಬಂದಿದ್ದು ಅದಾದ ಮೇಲೆ.

ನಾನು ಬೆಂಗಳೂರಿನ ಒಂದು ಕಂಪನಿಯ ಡೇಟಾ ಪ್ರೊಟೆಕ್ಷನ್ ತಂಡದಲ್ಲಿದ್ದೇನೆ. ನಮ್ಮ ಗ್ರಾಹಕರಲ್ಲಿ ಬ್ರಿಟನ್ನಿನವರು ಜಾಸ್ತಿ. ಹಾಗಾಗಿ ಡೆನಮ್ ಅವರ ಕಚೇರಿ ಬರೆದ ನಿಯಮ, ಮಾರ್ಗಸೂಚಿಗಳನ್ನು ಓದುವುದೇ ಎಷ್ಟೋ ವರ್ಷ ನನ್ನ ಕೆಲಸವಾಗಿತ್ತು. ಅದನ್ನೆಲ್ಲ ಓದಿ ನನಗೆ ಅನಿಸಿದ್ದು ಇಷ್ಟು. ದಂಡ ಈ ಕೆಲಸದ ಕೊನೆಯ ಭಾಗ, ಅದೂ ಸಣ್ಣ ಭಾಗ. ಉಳಿದದ್ದೆಲ್ಲ ಕಡತ ನೋಡಿಕೊಳ್ಳುವವರು ಕೇಳುವ ಪ್ರಶ್ನೆಗಳೇ. ಈ ಕಾಗದ ಯಾರದ್ದು? ಯಾಕೆ ತಗೊಂಡಿರಿ? ಯಾರ್ಯಾರು ನೋಡಬಹುದು? ಯಾವಾಗ ಹಾಳುಮಾಡ್ತೀರಿ?

ಸುಲಭದ ಪ್ರಶ್ನೆಗಳು ಅಂತ ಕಾಣುತ್ತೆ, ಅಲ್ವಾ? ಆಫೀಸಿನಲ್ಲಿ ಕೇಳಿ ನೋಡಿ. ಬ್ರಿಟನ್ನಿನ ಗ್ರಾಹಕರೊಬ್ಬರು ‘ನನ್ನ ಬಗ್ಗೆ ನಿಮ್ಮ ಹತ್ತಿರ ಏನೇನಿದೆ, ಅದರ ಪ್ರತಿ ಕೊಡಿ’ ಅಂತ ಒಂದು ಮೇಲ್ ಹಾಕಿದರೆ ನಮಗೆ ಸಾಮಾನ್ಯವಾಗಿ ಒಂದು ತಿಂಗಳು ಸಮಯ. ಆಗ ಶುರುವಾಗುತ್ತೆ ಹುಡುಕಾಟ. ಕಾಲ್ ಸೆಂಟರಿನ ರೆಕಾರ್ಡಿಂಗ್ ಒಂದು ಕಡೆ, ಬಿಲ್ಲಿಂಗಿನವರ ಎಕ್ಸೆಲ್ ಇನ್ನೊಂದು ಕಡೆ, ಕೆಲಸ ಬಿಟ್ಟು ಹೋದವರ ಲ್ಯಾಪ್‌ಟಾಪಿನಲ್ಲಿ ಮತ್ತೊಂದು ಪ್ರತಿ. ಹುಟ್ಟಿದ ದಿನಾಂಕ ಯಾಕೆ ತಗೊಂಡಿರಿ ಅಂತ ಕೇಳಿದರೆ ‘ಫಾರಂನಲ್ಲಿ ಮೊದಲಿಂದಲೂ ಇತ್ತು’ ಅಂತಾರೆ. ಐದು ವರ್ಷ ಹಳೆಯ ಪಟ್ಟಿ ಯಾಕೆ ಇಟ್ಟಿದ್ದೀರಿ ಅಂದರೆ ‘ಮುಂದೆ ಬೇಕಾಗಬಹುದು’ ಅಂತಾರೆ. ಯಾರಿಗೂ ಕೆಟ್ಟ ಉದ್ದೇಶ ಇರುವುದಿಲ್ಲ. ಯಾರೂ ಆ ಪ್ರಶ್ನೆ ಕೇಳಿರುವುದಿಲ್ಲ, ಅಷ್ಟೇ. ಕಮಿಷನರ್ ಅಂತ ಒಬ್ಬರು ಮೇಲೆ ಕೂತಿದ್ದಾರೆ, ಕೇಳಿದರೆ ಉತ್ತರ ಬರವಣಿಗೆಯಲ್ಲಿ ಇರಬೇಕು ಅನ್ನುವ ಕಾರಣಕ್ಕೇ ನಾವು ಆ ಪ್ರಶ್ನೆಗಳನ್ನು ಮೊದಲೇ ಕೇಳಿಕೊಳ್ಳುತ್ತೇವೆ. ನನ್ನ ಮಟ್ಟಿಗೆ ಆ ಹುದ್ದೆಯ ಅತಿ ದೊಡ್ಡ ಫಲ ಇದು. ಇದು ಯಾವ ಪೇಪರಿನಲ್ಲೂ ಸುದ್ದಿಯಾಗುವುದಿಲ್ಲ.

ಈಗ ಡೆನಮ್ ಅವರ ವೃತ್ತಿಗೆ ಬರೋಣ. 2007ರಲ್ಲಿ ಅವರು ಕೆನಡಾ ಕೇಂದ್ರ ಸರ್ಕಾರದ ಮಟ್ಟದಲ್ಲಿ ಸಹಾಯಕ ಪ್ರೈವೆಸಿ ಕಮಿಷನರ್ ಆದರು. ಆಗ ಕಮಿಷನರ್ ಆಗಿದ್ದವರು ಜೆನಿಫರ್ ಸ್ಟಾಡರ್ಟ್. ಮರುವರ್ಷ ಒಟ್ಟಾವಾ ವಿಶ್ವವಿದ್ಯಾಲಯದ ಒಂದು ಕಾನೂನು ಕೇಂದ್ರದಿಂದ ಫೇಸ್‌ಬುಕ್ ಮೇಲೆ ದೂರು ಬಂತು. ಅದನ್ನು ಸಿದ್ಧಪಡಿಸುವುದರಲ್ಲಿ ವಿದ್ಯಾರ್ಥಿಗಳ ಕೈಯಿತ್ತು. ಫೇಸ್‌ಬುಕ್ ಆಗ ಇನ್ನೂ ಚಿಕ್ಕ ಕಂಪನಿ, ಎಲ್ಲರಿಗೂ ಇಷ್ಟವಾಗಿದ್ದ ಕಂಪನಿ. ಅದನ್ನು ಒಳಹೊಕ್ಕು ಪೂರ್ತಿಯಾಗಿ ತನಿಖೆ ಮಾಡಿದ ಮೊದಲ ಪ್ರೈವೆಸಿ ಕಚೇರಿ ಕೆನಡಾದ್ದೇ. ತನಿಖೆ ನಡೆಸಿದವರು ಡೆನಮ್. ವರದಿ 2009ರ ಜುಲೈನಲ್ಲಿ ಬಂತು.

ಆ ವರದಿಯ ಒಂದು ಅಂಶ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಫೇಸ್‌ಬುಕ್ಕಿನಲ್ಲಿ ಆಟ, ಕ್ವಿಜ್ ಅಂತ ಆಪ್ ಮಾಡುತ್ತಿದ್ದ ಹೊರಗಿನವರು ಆಗ ಒಂಬತ್ತು ಲಕ್ಷಕ್ಕೂ ಮೇಲಿದ್ದರು, ಸುಮಾರು 180 ದೇಶಗಳಲ್ಲಿ. ನೀವು ಒಂದು ಕ್ವಿಜ್ ಆಡಿದರೆ ನಿಮ್ಮ ಮಾಹಿತಿಯ ಜೊತೆ ನಿಮ್ಮ ಸ್ನೇಹಿತರ ಮಾಹಿತಿಯೂ ಅವರಿಗೆ ಸಿಗುತ್ತಿತ್ತು. ಆ ಸ್ನೇಹಿತರು ಕ್ವಿಜ್ ಆಡಿಯೇ ಇಲ್ಲ. ಇದು ಸರಿಯಲ್ಲ ಅಂತ ವರದಿ ಹೇಳಿತು. ಕೆನಡಾದ ಕಮಿಷನರ್‌ಗೆ ದಂಡ ಹಾಕುವ ಅಧಿಕಾರವೇ ಇರಲಿಲ್ಲ. ಮಾತಾಡಿ, ವಾದಿಸಿ, ಕೋರ್ಟಿಗೆ ಹೋಗುತ್ತೇವೆ ಅಂತ ಹೇಳಿ ಒಪ್ಪಿಸಬೇಕಿತ್ತು. ಆಗಸ್ಟಿನಲ್ಲಿ ಫೇಸ್‌ಬುಕ್ ಬದಲಾವಣೆಗೆ ಒಪ್ಪಿತು.

2010ರಲ್ಲಿ ಡೆನಮ್ ತಮ್ಮ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾಕ್ಕೆ ಕಮಿಷನರ್ ಆಗಿ ಹೋದರು. ಅಲ್ಲಿನ ಎರಡು ಪ್ರಕರಣ ಹೇಳಲೇಬೇಕು. ಈ ಹುದ್ದೆಗೆ ಎಷ್ಟು ಗಟ್ಟಿತನ ಬೇಕು ಅನ್ನೋದು ನನಗೆ ಗೊತ್ತಾಗಿದ್ದು ಫೇಸ್‌ಬುಕ್ಕಿಗಿಂತ ಜಾಸ್ತಿ ಇವುಗಳಿಂದ.

2011ರ ಜೂನ್‌ನಲ್ಲಿ ವ್ಯಾಂಕೂವರ್ ತಂಡ ಐಸ್ ಹಾಕಿ ಫೈನಲ್ ಸೋತಿತು. ಊರಿಗೆ ಊರೇ ಗಲಾಟೆ. ಅಂಗಡಿ ಒಡೆದರು, ಕಾರು ಸುಟ್ಟರು. ಗಲಾಟೆಯ ಸಾವಿರಾರು ಫೋಟೋಗಳು ಪೊಲೀಸರ ಕೈಯಲ್ಲಿದ್ದವು. ಪ್ರಾಂತ್ಯದ ಸರ್ಕಾರಿ ವಾಹನ ವಿಮಾ ಸಂಸ್ಥೆಯ ಹತ್ತಿರ ಎಲ್ಲರ ಡ್ರೈವಿಂಗ್ ಲೈಸೆನ್ಸ್ ಫೋಟೋ ಇತ್ತು, ಮುಖ ಗುರುತಿಸುವ ಸಾಫ್ಟ್‌ವೇರೂ ಇತ್ತು. ಒಬ್ಬರೇ ಎರಡು ಹೆಸರಿನಲ್ಲಿ ಲೈಸೆನ್ಸ್ ಮಾಡಿಸುವಂಥ ಮೋಸ ಹಿಡಿಯಲು ಅದನ್ನು ತರಿಸಿದ್ದರು. ‘ಬೇಕಾದರೆ ನಮ್ಮದನ್ನು ಬಳಸಿ’ ಅಂತ ಆ ಸಂಸ್ಥೆ ಪೊಲೀಸರಿಗೆ ಹೇಳಿತು. ಊರಿನ ಜನಕ್ಕೂ ಸಿಟ್ಟಿತ್ತು, ಹಿಡಿಯಲಿ ಬಿಡಿ ಅನ್ನುವ ಮನಸ್ಥಿತಿ. ಡೆನಮ್ 2012ರ ಫೆಬ್ರವರಿಯಲ್ಲಿ ಬೇಡ ಅಂದರು. ಗಾಡಿ ಓಡಿಸಲು ಕೊಟ್ಟ ಫೋಟೋವನ್ನು ಪೊಲೀಸ್ ಹುಡುಕಾಟಕ್ಕೆ ಹಾಗೇ ತಿರುಗಿಸುವಂತಿಲ್ಲ, ಬೇಕಿದ್ದರೆ ಕೋರ್ಟಿನ ಆದೇಶ ತನ್ನಿ ಅನ್ನುವುದು ಅವರ ತೀರ್ಮಾನ. ಜನರ ಸಿಟ್ಟಿಗೆ ಎದುರಾಗಿ ಹೀಗೆ ಹೇಳುವುದು ಸುಲಭವಲ್ಲ. ಒಂದು ಕಾರಣಕ್ಕೆ ತಗೊಂಡ ಮಾಹಿತಿಯನ್ನು ಇನ್ನೊಂದಕ್ಕೆ ಬಳಸಬಾರದು ಅನ್ನುವ ತತ್ವವನ್ನು ಎಲ್ಲರೂ ಒಪ್ಪುತ್ತಾರೆ. ಅದು ನಿಜವಾಗಿ ಪರೀಕ್ಷೆಯಾಗುವುದು ಇಂಥ ದಿನಗಳಲ್ಲೇ.

ಎರಡನೆಯದು ಇನ್ನೂ ನೋವಿನದ್ದು. ಬ್ರಿಟಿಷ್ ಕೊಲಂಬಿಯಾದ ಉತ್ತರದಲ್ಲಿ 16ನೇ ಹೆದ್ದಾರಿ ಇದೆ. ಪ್ರಿನ್ಸ್ ಜಾರ್ಜ್‌ನಿಂದ ಪ್ರಿನ್ಸ್ ರೂಪರ್ಟ್‌ವರೆಗೆ 700 ಕಿಲೋಮೀಟರಿಗೂ ಜಾಸ್ತಿ. ದಶಕಗಳ ಕಾಲ ಅಲ್ಲಿ ಹೆಣ್ಣುಮಕ್ಕಳು ಕಾಣೆಯಾದರು, ಕೊಲೆಯಾದರು. ಅವರಲ್ಲಿ ಹೆಚ್ಚಿನವರು ಮೂಲನಿವಾಸಿಗಳು. ಜನ ಅದನ್ನು ಕಣ್ಣೀರ ಹೆದ್ದಾರಿ ಅಂತಲೇ ಕರೆಯುತ್ತಾರೆ. ಈ ಬಗ್ಗೆ ಸರ್ಕಾರ ನಡೆಸಿದ ಸಭೆಗಳ ಕಾಗದ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಬಂತು. ಸಾರಿಗೆ ಸಚಿವಾಲಯ ‘ಯಾವ ದಾಖಲೆಯೂ ಇಲ್ಲ’ ಅಂತ ಉತ್ತರಿಸಿತು. 2015ರಲ್ಲಿ ಅಲ್ಲಿ ಕೆಲಸ ಮಾಡಿದ್ದ ಒಬ್ಬರು ಡೆನಮ್ ಅವರಿಗೆ ಪತ್ರ ಬರೆದರು. ಇಮೇಲ್‌ಗಳು ಇದ್ದವು, ನಾನು ಅಳಿಸಲು ಹಿಂದೆಮುಂದೆ ನೋಡಿದಾಗ ಸಹೋದ್ಯೋಗಿಯೊಬ್ಬ ನನ್ನ ಕೀಬೋರ್ಡ್ ಎಳೆದುಕೊಂಡು ತಾನೇ ಅಳಿಸಿದ ಅನ್ನುವುದು ಅವರ ದೂರು.

ಡೆನಮ್ ತಂಡ ಕಂಪ್ಯೂಟರ್ ದಾಖಲೆ ತೆಗೆಸಿತು, ಪ್ರಮಾಣ ಮಾಡಿಸಿ ವಿಚಾರಣೆ ನಡೆಸಿತು. ಸಿಕ್ಕಿದ್ದು ಮೂರು ಸಲ ಅಳಿಸುವ ಅಭ್ಯಾಸ. ಮೊದಲು ಇಮೇಲ್ ಅಳಿಸುವುದು. ಆಮೇಲೆ ಅಳಿಸಿದ್ದರ ಫೋಲ್ಡರಿನಿಂದ ಅಳಿಸುವುದು. ಕೊನೆಗೆ ವಾಪಸ್ ತರಬಹುದಾದ ಜಾಗದಿಂದಲೂ ತೆಗೆದುಹಾಕುವುದು. 2015ರ ಅಕ್ಟೋಬರ್ ವರದಿಯಲ್ಲಿ ಇದೆಲ್ಲ ಬಂತು. ಪ್ರಮಾಣ ಮಾಡಿ ಸುಳ್ಳು ಹೇಳಿದ ಸಿಬ್ಬಂದಿ ಮುಂದೆ ತಪ್ಪೊಪ್ಪಿಕೊಂಡು 2,500 ಡಾಲರ್ ದಂಡ ಕಟ್ಟಿದ. ಪ್ರಾಂತ್ಯದ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಯಂಥವರು, ಇನ್ನು ಮುಂದೆ ಹಾಗೆ ಅಳಿಸಬಾರದು ಅಂತ ಆದೇಶಿಸಬೇಕಾಯಿತು.

ಇದರಲ್ಲಿ ಪ್ರೈವೆಸಿ ಎಲ್ಲಿ ಬಂತು ಅಂತ ನೀವು ಕೇಳಬಹುದು. ಅಲ್ಲಿನ ವ್ಯವಸ್ಥೆಯಲ್ಲಿ ಎರಡೂ ಕೆಲಸ ಒಂದೇ ಕಚೇರಿಯದ್ದು. ಜನರ ಖಾಸಗಿ ಮಾಹಿತಿ ಕಾಯಬೇಕು, ಸರ್ಕಾರದ ಮಾಹಿತಿ ಜನಕ್ಕೆ ಕೊಡಿಸಬೇಕು. ಬ್ರಿಟನ್ನಿನಲ್ಲೂ ಹಾಗೇ. ಯಾವುದನ್ನು ಅಳಿಸಬೇಕು, ಯಾವುದನ್ನು ಅಳಿಸಲೇಬಾರದು ಅನ್ನುವುದು ಒಂದೇ ವಿದ್ಯೆಯ ಎರಡು ಮುಖ. ಪತ್ರಾಗಾರದಲ್ಲಿ ಪಳಗಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

2016ರ ಜುಲೈನಲ್ಲಿ ಅವರು ಬ್ರಿಟನ್ನಿಗೆ ಬಂದರು. ಆಗ ಕಚೇರಿ ಇದ್ದದ್ದು ಲಂಡನ್ನಿನಲ್ಲಲ್ಲ, ಚೆಷೈರ್‌ನ ವಿಲ್ಮ್ಸ್ಲೋ ಅನ್ನುವ ಸಣ್ಣ ಊರಿನಲ್ಲಿ. ಮೊದಲ ವರ್ಷಗಳ ಒಂದು ಪ್ರಕರಣ ನನಗೆ ತುಂಬಾ ಇಷ್ಟ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ಸಮೂಹ 16 ಲಕ್ಷ ರೋಗಿಗಳ ಮಾಹಿತಿಯನ್ನು ಗೂಗಲ್‌ನ ಎಐ ಕಂಪನಿ ಡೀಪ್‌ಮೈಂಡ್‌ಗೆ ಕೊಟ್ಟಿತ್ತು. ಕಿಡ್ನಿಗೆ ದಿಢೀರ್ ತೊಂದರೆಯಾದರೆ ವೈದ್ಯರಿಗೆ ಎಚ್ಚರಿಕೆ ಕೊಡುವ ಆಪ್ ಪರೀಕ್ಷಿಸಲು. ಉದ್ದೇಶ ಒಳ್ಳೆಯದು. ರೋಗಿಗಳಿಗೆ ಮಾತ್ರ ಸರಿಯಾಗಿ ತಿಳಿಸಿರಲಿಲ್ಲ. 2017ರ ಜುಲೈನಲ್ಲಿ ಡೆನಮ್ ಇದು ಕಾನೂನಿಗೆ ವಿರುದ್ಧ ಅಂತ ಹೇಳಿದರು, ಆದರೆ ದಂಡ ಹಾಕಲಿಲ್ಲ. ಆಸ್ಪತ್ರೆಯಿಂದ ಮುಚ್ಚಳಿಕೆ ಬರೆಸಿಕೊಂಡರು. ಯಾವ ಕಾನೂನಿನ ಆಧಾರದ ಮೇಲೆ ಕೊಡುತ್ತೀರಿ ಅಂತ ಬರೆಯಿರಿ, ಅಪಾಯ ಏನೇನು ಅಂತ ಅಂದಾಜು ಮಾಡಿ, ಹೊರಗಿನವರಿಂದ ಆಡಿಟ್ ಮಾಡಿಸಿ. ಸರ್ಕಾರಿ ಆಸ್ಪತ್ರೆಗೆ ದಂಡ ಹಾಕಿದರೆ ಆ ದುಡ್ಡು ಹೋಗುವುದು ರೋಗಿಗಳ ಜೇಬಿನಿಂದಲೇ ತಾನೇ? ಅಂದಹಾಗೆ ಅವರ ಕಾಲದಲ್ಲಿ ದಂಡದ ಹಣ ಕಚೇರಿಗೆ ಬರುತ್ತಿರಲಿಲ್ಲ, ನೇರವಾಗಿ ಸರ್ಕಾರದ ಖಜಾನೆಗೆ ಹೋಗುತ್ತಿತ್ತು. ಕಚೇರಿಯ ಪ್ರೈವೆಸಿ ಕೆಲಸ ನಡೆಯುವುದು ಸಂಸ್ಥೆಗಳು ವರ್ಷ ವರ್ಷ ಕಟ್ಟುವ ಶುಲ್ಕದಿಂದ.

ಈಗ ನೀವು ಪೇಪರಿನಲ್ಲಿ ಓದಿರಬಹುದಾದ ಕೇಂಬ್ರಿಡ್ಜ್ ಅನಲಿಟಿಕಾ, ರಾಜಕೀಯ ಪ್ರಚಾರಕ್ಕೆ ಜನರ ಡೇಟಾ ಬಳಸುತ್ತಿದ್ದ ಲಂಡನ್ನಿನ ಕಂಪನಿ. ರಾಜಕೀಯ ಪ್ರಚಾರದಲ್ಲಿ ಜನರ ಡೇಟಾ ಹೇಗೆ ಬಳಸುತ್ತಾರೆ ಅನ್ನುವ ತನಿಖೆಯನ್ನು ಡೆನಮ್ 2017ರ ಮೇ ತಿಂಗಳಲ್ಲೇ ಶುರು ಮಾಡಿದ್ದರು. 2018ರ ಮಾರ್ಚ್‌ನಲ್ಲಿ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಆ ಕಂಪನಿಗೆ ಮಾಹಿತಿ ಸಿಕ್ಕಿದ್ದು ಫೇಸ್‌ಬುಕ್ಕಿನ ಒಂದು ವ್ಯಕ್ತಿತ್ವ ಪರೀಕ್ಷೆಯ ಆಪ್ ಮೂಲಕ. ಹಾಕಿಕೊಂಡವರು ಸುಮಾರು 2.7 ಲಕ್ಷ ಜನ. ಅವರ ಸ್ನೇಹಿತರ ಮೂಲಕ ಮಾಹಿತಿ ಹೋಗಿದ್ದು 8.7 ಕೋಟಿ ಜನರದ್ದಿರಬಹುದು ಅಂತ ಫೇಸ್‌ಬುಕ್ಕೇ ಹೇಳಿತು. ಭಾರತದಲ್ಲಿ ಆ ಆಪ್ ಹಾಕಿಕೊಂಡಿದ್ದವರು ಬರೀ 335 ಜನ. ಸ್ನೇಹಿತರೂ ಸೇರಿ ಲೆಕ್ಕ 5,62,455ಕ್ಕೆ ಹೋಯಿತು. 2009ರ ವರದಿಯಲ್ಲಿ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಅದೇ ಬಾಗಿಲು ಇದು. 2019ರಲ್ಲಿ ಕೆನಡಾದ ಕಮಿಷನರ್‌ಗಳು ಹೊಸದಾಗಿ ತನಿಖೆ ಮಾಡಿ, 2009ರ ಶಿಫಾರಸುಗಳನ್ನು ಸರಿಯಾಗಿ ಜಾರಿ ಮಾಡಿದ್ದರೆ ಇದನ್ನು ತಪ್ಪಿಸಬಹುದಿತ್ತು ಅಥವಾ ಕಡಿಮೆ ಮಾಡಬಹುದಿತ್ತು ಅಂತ ಬರೆದರು. ಓದಿದಾಗ ನಿಜಕ್ಕೂ ಬೇಜಾರಾಯಿತು. ಒಬ್ಬ ಅಧಿಕಾರಿ ಕಾಯಿಲೆಯನ್ನು ಒಂಬತ್ತು ವರ್ಷ ಮೊದಲೇ ಗುರುತಿಸಿದ್ದರು, ಕೈಯಲ್ಲಿ ಅಧಿಕಾರ ಇರಲಿಲ್ಲ.

ಬ್ರಿಟನ್ನಿನಲ್ಲೂ ಅಧಿಕಾರ ಸಾಲದೇ ಇದ್ದದ್ದು ಆಗ ಎಲ್ಲರಿಗೂ ಕಂಡಿತು. ಮಾರ್ಚ್ 19ರ ಸೋಮವಾರ ಡೆನಮ್ ವಾರಂಟ್ ಕೇಳುತ್ತೇನೆ ಅಂತ ಬಹಿರಂಗವಾಗಿಯೇ ಹೇಳಿದರು. ಅಂದೇ ಫೇಸ್‌ಬುಕ್ ಕಳಿಸಿದ್ದ ಆಡಿಟರ್‌ಗಳು ಕೇಂಬ್ರಿಡ್ಜ್ ಅನಲಿಟಿಕಾ ಕಚೇರಿಯ ಒಳಗಿದ್ದರು. ತನಿಖೆಗೆ ಅಡ್ಡಿಯಾಗುತ್ತೆ, ಹೊರಗೆ ಬನ್ನಿ ಅಂತ ಡೆನಮ್ ಕಚೇರಿ ಹೇಳಿದ ಮೇಲೆ ಅವರು ಬಂದರು. ಹೈಕೋರ್ಟ್ ವಾರಂಟ್ ಕೊಟ್ಟಿದ್ದು ಶುಕ್ರವಾರ. ಅಂದು ರಾತ್ರಿ 18 ಅಧಿಕಾರಿಗಳು ಲಂಡನ್ ಕಚೇರಿಗೆ ಹೋಗಿ ಸುಮಾರು ಏಳು ಗಂಟೆ ಹುಡುಕಿದರು. ನಡುವೆ ನಾಲ್ಕು ದಿನ. ಯಾರಾದರೂ ಏನಾದರೂ ಅಳಿಸಬೇಕು ಅಂದುಕೊಂಡಿದ್ದರೆ ಧಾರಾಳ ಸಮಯ. ಅದೇ ವರ್ಷ ಬಂದ ಹೊಸ ಕಾನೂನಿನಲ್ಲಿ ಕಮಿಷನರ್‌ಗೆ ಹೆಚ್ಚಿನ ಅಧಿಕಾರ ಸಿಕ್ಕಿತು, ತನಿಖೆ ತಪ್ಪಿಸಲು ಮಾಹಿತಿ ನಾಶ ಮಾಡುವುದೇ ಅಪರಾಧವಾಯಿತು.

ತನಿಖೆಯಲ್ಲಿ ಅವರು ನೋಡಿದ್ದು 42 ಕಂಪ್ಯೂಟರ್, 31 ಸರ್ವರ್, 700 ಟೆರಾಬೈಟ್ ಡೇಟಾ, ಮೂರು ಲಕ್ಷಕ್ಕೂ ಮೀರಿದ ದಾಖಲೆ. ಫೇಸ್‌ಬುಕ್‌ಗೆ ಬಿದ್ದ ದಂಡ 5 ಲಕ್ಷ ಪೌಂಡ್. ಹಳೇ ಕಾನೂನಿನಲ್ಲಿ ಅದೇ ಗರಿಷ್ಠ. ಆ ವರ್ಷ ಕಂಪನಿಯ ಆದಾಯ 5,500 ಕೋಟಿ ಡಾಲರಿಗೂ ಜಾಸ್ತಿ. ಮರುವರ್ಷ ಕಂಪನಿ ತಪ್ಪು ಒಪ್ಪಿಕೊಳ್ಳದೇ ದಂಡ ಕಟ್ಟಿ ಮೇಲ್ಮನವಿ ವಾಪಸ್ ಪಡೆಯಿತು. ದಂಡವೇ ಮುಖ್ಯ ಅಂದುಕೊಂಡವರಿಗೆ ಇದು ಸೋಲು. ಆದರೆ 2020ರ ಅಕ್ಟೋಬರಿನಲ್ಲಿ ಡೆನಮ್ ಸಂಸತ್ತಿನ ಸಮಿತಿಗೆ ಬರೆದ ಕೊನೆಯ ಪತ್ರ ಓದಬೇಕು. ಕೇಂಬ್ರಿಡ್ಜ್ ಅನಲಿಟಿಕಾ ಬಳಸಿದ ವಿಧಾನಗಳಲ್ಲಿ ಹೆಚ್ಚಿನವು ಮಾರುಕಟ್ಟೆಯಲ್ಲಿ ಎಲ್ಲರಿಗೂ ಸಿಗುವಂಥವೇ ಅಂತ ಅದರಲ್ಲಿದೆ. ಆ ಕಂಪನಿಯದ್ದು ಏನೋ ಮಾಯಾಜಾಲ ಅಂತ ಜಗತ್ತೆಲ್ಲ ನಂಬಿದ್ದ ಹೊತ್ತಿನಲ್ಲಿ ಹಾಗಲ್ಲ ಅಂತ ಬರೆದರು. ಸಾಕ್ಷ್ಯ ಎಷ್ಟು ಹೇಳುತ್ತೋ ಅಷ್ಟೇ ಹೇಳುವ ಈ ಗುಣ ಇತಿಹಾಸ ಓದಿದವರಿಗೆ ಹೊಸದಲ್ಲ.

ಅವರನ್ನು ನಾನು ಸುಮ್ನೆ ಹೊಗಳುತ್ತಿಲ್ಲ. ಬ್ರಿಟಿಷ್ ಏರ್‌ವೇಸ್‌ಗೆ 18.3 ಕೋಟಿ ಪೌಂಡ್ ದಂಡ ಹಾಕುತ್ತೇವೆ ಅಂತ 2019ರಲ್ಲಿ ಘೋಷಿಸಿ, ಮರುವರ್ಷ ಅದು 2 ಕೋಟಿಗೆ ಇಳಿಯಿತು. ಕಂಪನಿಯ ವಾದ, ಕೊರೊನಾ ಹೊಡೆತ ಎಲ್ಲ ಲೆಕ್ಕಕ್ಕೆ ಬಂತು, ನಿಜ. ಆದರೂ ಇಷ್ಟು ಅಂತರ ಬಿದ್ದರೆ ಮುಂದಿನ ಘೋಷಣೆಯನ್ನು ಕಂಪನಿಗಳು ಗಂಭೀರವಾಗಿ ತಗೊಳ್ಳುವುದಿಲ್ಲ. ಅದಕ್ಕಿಂತ ನನ್ನನ್ನು ಕಾಡುವುದು ಜಾಹೀರಾತಿನ ವಿಷಯ. ನೀವು ಒಂದು ಪುಟ ತೆರೆದ ಕ್ಷಣದಲ್ಲಿ ನಿಮ್ಮ ಮಾಹಿತಿ ಎಷ್ಟೋ ಕಂಪನಿಗಳ ಹರಾಜಿಗೆ ಹೋಗುತ್ತೆ. ಇದರಲ್ಲಿ ದೊಡ್ಡ ತೊಂದರೆ ಇದೆ ಅಂತ ಅವರ ಕಚೇರಿಯೇ 2019ರ ಜೂನ್‌ನಲ್ಲಿ ಬರೆಯಿತು. 2020ರ ಮೇನಲ್ಲಿ ಕೊರೊನಾ ಅಂತ ಆ ತನಿಖೆ ನಿಲ್ಲಿಸಿದರು. ಮತ್ತೆ ಶುರು ಮಾಡಿದರೂ ಅವರ ಅವಧಿ ಮುಗಿಯುವಷ್ಟರಲ್ಲಿ ಆ ಹರಾಜು ಬದಲಾಗಲಿಲ್ಲ.

ಅವರ ಅತಿ ಒಳ್ಳೆಯ ಕೆಲಸ ಮಕ್ಕಳ ಸಂಹಿತೆ ಅನ್ನುವುದು ನನ್ನ ಅಭಿಪ್ರಾಯ. ಬ್ರಿಟನ್ ಸಂಸತ್ತಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸದಸ್ಯೆ ಬೀಬನ್ ಕಿಡ್ರನ್ ಹೋರಾಡಿ ಕಾನೂನಿಗೆ ಸೇರಿಸಿದ ಅಂಶ ಅದು. ಸಂಹಿತೆ ಬರೆಯುವ ಹೊಣೆ ಕಮಿಷನರ್ ಮೇಲೆ ಬಂತು. 15 ನಿಯಮಗಳು. 18ರ ಒಳಗಿನವರು ಬಳಸಬಹುದಾದ ಆಪ್ ಆದರೆ, ಪ್ರೈವೆಸಿ ಸೆಟ್ಟಿಂಗ್ ಮೊದಲೇ ಬಿಗಿಯಾಗಿರಬೇಕು. ಮಗು ಎಲ್ಲಿದೆ ಅಂತ ತೋರಿಸುವ ಸೌಲಭ್ಯ ಮೊದಲೇ ಆಫ್ ಆಗಿರಬೇಕು. ಇನ್ನಷ್ಟು ಮಾಹಿತಿ ಕೊಡುವಂತೆ ಮಗುವನ್ನು ಪುಸಲಾಯಿಸುವ ಬಟನ್ ಇರಬಾರದು. 2020ರ ಸೆಪ್ಟೆಂಬರ್ 2ಕ್ಕೆ ಜಾರಿಗೆ ಬಂತು, ಕಂಪನಿಗಳಿಗೆ ಒಂದು ವರ್ಷ ಗಡುವು. ಗಡುವು ಮುಗಿಯುವ ಮೊದಲೇ ಇನ್‌ಸ್ಟಾಗ್ರಾಂ 16ರ ಒಳಗಿನವರ ಹೊಸ ಖಾತೆಗಳನ್ನು ಪ್ರೈವೇಟ್ ಮಾಡಿತು. ಯೂಟ್ಯೂಬ್ 18ರ ಒಳಗಿನವರಿಗೆ ವಿಡಿಯೋ ತಾನೇ ಮುಂದುವರಿಯುವುದನ್ನು ಆಫ್ ಮಾಡಿತು. ಟಿಕ್‌ಟಾಕ್ 13ರಿಂದ 15 ವಯಸ್ಸಿನವರಿಗೆ ರಾತ್ರಿ 9ರ ಮೇಲೆ ನೋಟಿಫಿಕೇಷನ್ ನಿಲ್ಲಿಸಿತು. ಸಂಹಿತೆಯ ಕೆಳಗೆ ಒಂದು ಪೈಸೆ ದಂಡ ಬಿದ್ದಿರಲಿಲ್ಲ. ಇಂಜಿನಿಯರ್‌ಗಳಿಗೆ ಅರ್ಥವಾಗುವ ಹಾಗೆ ನಿಯಮ ಬರೆದಿದ್ದರು, ಸಮಯ ಕೊಟ್ಟಿದ್ದರು, ಅಷ್ಟೇ.

ನಮ್ಮಲ್ಲಿ ಹೇಗಿದೆ ಅನ್ನೋದು ನಿಮ್ಮ ಮುಂದಿನ ಪ್ರಶ್ನೆ ಇರುತ್ತೆ. ಪ್ರೈವೆಸಿ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ ತೀರ್ಪಿಗೆ ಕಾರಣರಾದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದವರು. ಜನರ ಡೇಟಾ ಕಾಯುವ ಕಾಯ್ದೆ ಬಂದಿದ್ದು 2023ರಲ್ಲಿ, ನಿಯಮಗಳು 2025ರ ನವೆಂಬರಿನಲ್ಲಿ. ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಎಲ್ಲರೂ ಆ ಅಂಕಿಯನ್ನೇ ಹೇಳುತ್ತಾರೆ. ನಾನು ನೋಡುವುದು ಬೇರೆ. ಡೆನಮ್ ಅವರ ಕಾಲದ ಬ್ರಿಟನ್ನಿನ ಕಾನೂನಿನಲ್ಲಿ ಕಮಿಷನರ್‌ಗೆ ಏಳು ವರ್ಷದವರೆಗೆ ಅವಧಿ ಇತ್ತು, ಎರಡನೇ ಸಲ ನೇಮಕ ಇರಲಿಲ್ಲ. ಹಾಗಾಗಿ ಮುಂದಿನ ಅವಧಿಗಾಗಿ ಯಾರನ್ನೂ ಮೆಚ್ಚಿಸಬೇಕಿರಲಿಲ್ಲ. ಈ ಕಾಯ್ದೆಯ ಕೆಳಗೆ ದಂಡ ಹಾಕಬೇಕಾದ ನಮ್ಮ ಡೇಟಾ ಪ್ರೊಟೆಕ್ಷನ್ ಬೋರ್ಡಿನ ಸದಸ್ಯರಿಗೆ ಎರಡು ವರ್ಷ, ಮತ್ತೆ ನೇಮಕ ಆಗಬಹುದು, ನೇಮಿಸುವುದು ಕೇಂದ್ರ ಸರ್ಕಾರ. ನಿಯಮ ಮಾಡುವುದೂ ಕೇಂದ್ರವೇ. ಮಕ್ಕಳ ಸಂಹಿತೆಯಂಥದ್ದನ್ನು ಬೋರ್ಡ್ ತಾನಾಗಿ ಬರೆದು ಜಾರಿ ಮಾಡುವ ಹಾಗಿಲ್ಲ.

ಮಕ್ಕಳ ವಿಷಯದಲ್ಲಿ ನಮ್ಮ ಕಾಯ್ದೆ ಮುಖ್ಯವಾಗಿ ನೆಚ್ಚಿಕೊಂಡಿರುವುದು ಅಪ್ಪ ಅಮ್ಮನ ಒಪ್ಪಿಗೆಯನ್ನು. ಮಕ್ಕಳ ಜಾಡು ಹಿಡಿದು ಜಾಹೀರಾತು ತೋರಿಸಬಾರದು ಅಂತಲೂ ಇದೆ, ಅದು ಒಳ್ಳೆಯದೇ. ಆದರೆ ಒಪ್ಪಿಗೆ? ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪನ ಫೋನಿಗೆ ಆಪ್ ಹಾಕಿಕೊಡುವುದೇ ಎಂಟನೇ ಕ್ಲಾಸಿನ ಮಗಳು. ಓಟಿಪಿ ಬಂದರೆ ಓದಿ ಹೇಳುವುದೂ ಅವಳೇ.

ನಿಮ್ಮ ವಿಷಯಕ್ಕೆ ಬಂದರೆ, ಡಿಗ್ರಿ ಬಿಡಬೇಡಿ. ಕಾನೂನು ಬೇಕೆನಿಸಿದರೆ ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು. ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದಲ್ಲಿ ಪತ್ರಾಗಾರದ ಡಿಪ್ಲೊಮಾ ಇದೆ, ವಿಚಾರಿಸಿ. ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಒಮ್ಮೆ ಹೋಗಿ, ಒಂದು ಕಡತ ಕೇಳಿ, ಅದನ್ನು ಹೇಗೆ ಹುಡುಕಿ ತರುತ್ತಾರೆ ನೋಡಿ. ಮಾಹಿತಿ ಹಕ್ಕಿನಲ್ಲಿ ನಿಮ್ಮದೇ ಊರಿನ ಪಂಚಾಯಿತಿಗೆ ಒಂದು ಅರ್ಜಿ ಹಾಕಿ. ಖಾಸಗಿ ಮಾಹಿತಿಯನ್ನು ಕೊಡದೇ ಇರಬಹುದು ಅನ್ನುವ ಆ ಕಾಯ್ದೆಯ 8(1)(ಜೆ) ಕಲಮನ್ನು ಹೊಸ ಡೇಟಾ ಕಾಯ್ದೆ ತಿದ್ದಿದೆ, ಮೊದಲಿನ ರೂಪ ಮತ್ತು ಈಗಿನ ರೂಪ ಎರಡನ್ನೂ ಪಕ್ಕದಲ್ಲಿಟ್ಟು ಓದಿ. ಮುಂದಿನ ಹತ್ತು ವರ್ಷ ಈ ಕ್ಷೇತ್ರದ ಜಗಳ ಹೆಚ್ಚಾಗಿ ಅಲ್ಲೇ ನಡೆಯಲಿದೆ ಅನ್ನುವುದು ನನ್ನ ಅಂದಾಜು.

ಕೆಲಸಕ್ಕೆ ಸರ್ಕಾರಿ ಹುದ್ದೆಯನ್ನೇ ಕಾಯಬೇಕಿಲ್ಲ. ಬ್ಯಾಂಕು, ಆಸ್ಪತ್ರೆ, ಸಾಫ್ಟ್‌ವೇರ್ ಕಂಪನಿ ಎಲ್ಲ ಕಡೆ ಈಗ ಇಂಥ ತಂಡಗಳಿವೆ. ನಮ್ಮ ತಂಡಕ್ಕೆ ಕಳೆದ ಸಲ ಸೇರಿದವರು ಲೈಬ್ರರಿ ಸೈನ್ಸ್ ಓದಿದ ಹಾಸನದ ಹುಡುಗಿ. ಬಂದ ವಾರದಲ್ಲೇ ಅವಳು ಕೇಳಿದ ಪ್ರಶ್ನೆ: ಸಂದರ್ಶನಕ್ಕೆ ಬಂದು ಆಯ್ಕೆಯಾಗದವರ ರೆಸ್ಯೂಮೆ ಎಷ್ಟು ದಿನ ಇಡ್ತೀರಿ? ಉತ್ತರ ಯಾರ ಹತ್ತಿರವೂ ಇರಲಿಲ್ಲ. ಈಗ ಅದಕ್ಕೊಂದು ಅವಧಿ ಗೊತ್ತುಮಾಡಿದ್ದೇವೆ, ಅದು ಮುಗಿದ ಮೇಲೆ ಅಳಿಸುತ್ತೇವೆ. ನೀವು ಯಾವ ಸೆಮಿಸ್ಟರ್, ಯಾವ ಊರು ಅಂತ ತಿಳಿಸಿದರೆ ಮೊದಲು ಏನು ಓದಬೇಕು ಅಂತ ಇನ್ನೂ ಸರಿಯಾಗಿ ಹೇಳಬಲ್ಲೆ.